ಸ್ಕಿಜೋಟೈಪಲ್ ವ್ಯಕ್ತಿತ್ವ ದೋಷದಲ್ಲಿ ಗಮನ, ನೆನಪು ಮತ್ತು ಆಲೋಚನೆ: ಮನೆಯವರಿಗೊಂದು ಮಾರ್ಗದರ್ಶಿ

ಸ್ಕಿಜೋಟೈಪಲ್ ವ್ಯಕ್ತಿತ್ವ ದೋಷವೆಂದು ಮನೋವೈದ್ಯರು ಗುರುತಿಸಿದ ಮೇಲೆ ಮನೆಯವರ ಗಮನವೆಲ್ಲ ಎದ್ದು ಕಾಣುವ ಲಕ್ಷಣಗಳ ಕಡೆಗೇ ಹರಿಯುತ್ತದೆ. ವಾರ್ತೆ ಓದುವವರು ತನ್ನನ್ನೇ ಕುರಿತು ಏನೋ ಹೇಳಿದರೆಂಬ ಅನಿಸಿಕೆ, ಅಂಕಿಗಳಲ್ಲಿ ಬೇರೆಯವರಿಗೆ ಕಾಣದ ಸೂಚನೆಗಳನ್ನು ಹುಡುಕುವುದು, ಎಷ್ಟೇ ಪರಿಚಯವಾದರೂ ಕಡಿಮೆಯಾಗದ ಜನರ ಭಯ, ಗೆಳೆಯರಿಲ್ಲದಿರುವುದು, ಸುತ್ತಿ ಬಳಸಿ ಸಾಗುವ ಮಾತು, ಇವೇ ದಿನದ ಚರ್ಚೆಯಾಗುತ್ತವೆ. ಆದರೆ ಪದವಿ ಅರ್ಧಕ್ಕೆ ನಿಲ್ಲುವುದು, ಸೇರಿದ ಕೆಲಸ ಕೆಲವೇ ತಿಂಗಳಲ್ಲಿ ಕೈತಪ್ಪುವುದು, ಹೇಳಿದ ಮೂರು ಕೆಲಸಗಳಲ್ಲಿ ಒಂದು ಮಾತ್ರ ಆಗುವುದು, ಇವುಗಳ ಹಿಂದೆ ಬಹಳ ಸಲ ಇನ್ನೊಂದು ತೊಂದರೆ ಇರುತ್ತದೆ. ಕೇಳಿದ್ದನ್ನು ಆ ಕ್ಷಣಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ, ಬೇಡದ್ದನ್ನು ಬದಿಗಿಡುವ, ಗುರಿಯನ್ನು ಮರೆಯದೆ ಮುಂದಿನ ಹೆಜ್ಜೆ ಇಡುವ ಶಕ್ತಿಯಲ್ಲಿ ಕೊರತೆಯಿರುತ್ತದೆ. ಮನೆಯಲ್ಲಿ ಇದಕ್ಕೆ ಸೋಮಾರಿತನ, ಉಡಾಫೆ, ಅಹಂಕಾರ ಎಂಬ ಹೆಸರುಗಳು ಬೀಳುತ್ತವೆ, ಅದರಿಂದ ಆ ವ್ಯಕ್ತಿ ಇನ್ನಷ್ಟು ಒಳಸರಿಯುತ್ತಾರೆ.

ಈ ಬರಹ ಅಂಥವರ ತಂದೆತಾಯಿ, ಒಡಹುಟ್ಟಿದವರು, ಸಂಗಾತಿ ಹಾಗೂ ಸ್ವತಃ ಈ ದೋಷದೊಂದಿಗೆ ಬದುಕುತ್ತಿರುವವರಿಗಾಗಿ ಇದೆ. ವಿಚಿತ್ರವೆನಿಸುವ ನಂಬಿಕೆಗಳ ಮೇಲೆ ವಾದ ಮಾಡುವುದಕ್ಕೆ ಮನೆಯವರು ವ್ಯಯಿಸುವ ಶ್ರಮದಲ್ಲಿ ಅರ್ಧದಷ್ಟನ್ನು ಮಾತನಾಡುವ ಕ್ರಮವನ್ನೂ ಕೆಲಸ ಒಪ್ಪಿಸುವ ಕ್ರಮವನ್ನೂ ಬದಲಿಸುವುದಕ್ಕೆ ಬಳಸಿದರೆ ಬದುಕು ಹೆಚ್ಚು ಹಗುರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತೊಂದರೆ ಎಲ್ಲಿದೆ, ಎಲ್ಲಿಲ್ಲ

ಈ ದೋಷಕ್ಕೆ ಪ್ರತ್ಯೇಕ ಹೆಸರು ಸಿಕ್ಕಿದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಹೊರತರುವ ಡಿಎಸ್‌ಎಂ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ. ಅದಕ್ಕೆ ಬುನಾದಿಯಾದದ್ದು ಸೇಮೂರ್ ಕೆಟಿ ಮತ್ತು ಸಂಗಡಿಗರು ಡೆನ್ಮಾರ್ಕಿನ ದತ್ತುಮಕ್ಕಳನ್ನು ಕುರಿತು ನಡೆಸಿದ ಅಧ್ಯಯನಗಳು. ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ಧ್ವನಿಗಳು ಕೇಳಿಸುವುದು ಮುಂತಾದ ಲಕ್ಷಣಗಳ ತೀವ್ರ ಮಾನಸಿಕ ಕಾಯಿಲೆ) ಇದ್ದವರ ರಕ್ತಸಂಬಂಧಿಗಳಲ್ಲಿ, ಅವರು ಬೇರೆ ಬೇರೆ ಮನೆಗಳಲ್ಲಿ ಬದುಕಿದ್ದರೂ, ಪೂರ್ಣ ಕಾಯಿಲೆಯಲ್ಲದ ಆದರೆ ಅದನ್ನು ಹೋಲುವ ಸ್ವಭಾವ ಹೆಚ್ಚಾಗಿ ಕಂಡುಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ವರ್ಗೀಕರಣ ಇದನ್ನು ವ್ಯಕ್ತಿತ್ವ ದೋಷಗಳ ಪಟ್ಟಿಗೆ ಸೇರಿಸದೆ ಸ್ಕಿಜೋಫ್ರೇನಿಯಾದ ಗುಂಪಿನಲ್ಲಿಯೇ ಇಟ್ಟಿದೆ. 2013ರ ಡಿಎಸ್‌ಎಂ-5 ಇದನ್ನು ಎರಡೂ ಅಧ್ಯಾಯಗಳಲ್ಲಿ ಹೆಸರಿಸುತ್ತದೆ. ಮನೆಯವರಿಗೆ ಈ ನಂಟು ಏಕೆ ಮುಖ್ಯವೆಂದರೆ, ಅರಿವಿನ (ಗಮನ, ನೆನಪು, ಆಲೋಚನೆಯ) ತೊಂದರೆಗಳೂ ಅದೇ ಬಗೆಯವು, ಆದರೆ ಸೌಮ್ಯ ಪ್ರಮಾಣದವು. ಗುಂಪಾಗಿ ನೋಡಿದಾಗ ಪರೀಕ್ಷೆಯ ಅಂಕಗಳು ಆರೋಗ್ಯವಂತರಿಗೂ ಸ್ಕಿಜೋಫ್ರೇನಿಯಾ ಇದ್ದವರಿಗೂ ನಡುವೆ ಬೀಳುತ್ತವೆ. ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಕೆಲವರಲ್ಲಿ ಹೇಳಿಕೊಳ್ಳುವಂಥ ಕೊರತೆಯೇ ಇರುವುದಿಲ್ಲ.

ಹಾಗೆಂದು ಇದು ಬುದ್ಧಿಮಾಂದ್ಯವಲ್ಲ. ಸಾಮಾನ್ಯ ಜ್ಞಾನ, ಪದಸಂಪತ್ತು, ಒಟ್ಟು ಬುದ್ಧಿಶಕ್ತಿ ಸಾಮಾನ್ಯ ಮಟ್ಟದಲ್ಲಿರುವವರೇ ಹೆಚ್ಚು. ತತ್ತ್ವಶಾಸ್ತ್ರದ ಕಠಿಣ ಪುಸ್ತಕವನ್ನು ಓದಿ ವಿವರಿಸಬಲ್ಲ ಹುಡುಗನೊಬ್ಬ ಕೌಂಟರಿನಲ್ಲಿ ಹೇಳಿದ ಮೂರು ದಾಖಲೆಗಳ ಹೆಸರನ್ನು ಮನೆಗೆ ಬರುವಷ್ಟರಲ್ಲಿ ಕಳೆದುಕೊಂಡಿರುತ್ತಾನೆ. ಇವೆರಡೂ ಒಬ್ಬನಲ್ಲೇ ಇರಲು ಸಾಧ್ಯವೆಂದು ಒಪ್ಪಿಕೊಳ್ಳುವುದು ಮನೆಯವರ ಮೊದಲ ಕೆಲಸ.

ಅತಿ ಹೆಚ್ಚು ಅಧ್ಯಯನವಾಗಿರುವುದು ವರ್ಕಿಂಗ್ ಮೆಮೊರಿಯ ಕೊರತೆ, ಅಂದರೆ ಮಾಹಿತಿಯನ್ನು ಕೆಲವು ಸೆಕೆಂಡುಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ಶಕ್ತಿಯ ಕೊರತೆ. ನ್ಯೂಯಾರ್ಕಿನ ವೈದ್ಯಕೀಯ ಶಾಲೆಯಾದ ಮೌಂಟ್ ಸೈನಾಯ್‌ನಲ್ಲಿ ಮನೋವೈದ್ಯ ಲ್ಯಾರಿ ಸೀವರ್ ಅವರ ತಂಡ ದಶಕಗಳ ಕಾಲ ಇದನ್ನೇ ಬೆನ್ನುಹತ್ತಿತ್ತು. ಬೋಸ್ಟನ್ನಿನ ಸಂಶೋಧಕರು ಶಬ್ದಗಳನ್ನು ಕೇಳಿ ಕಲಿಯುವುದರಲ್ಲಿ ತೊಂದರೆಯನ್ನು ಕಂಡರು. ಎಡ ಮೇಲ್ಭಾಗದ ಟೆಂಪೊರಲ್ ಮಡಿಕೆಯಲ್ಲಿ, ಅಂದರೆ ಮಾತನ್ನು ಗ್ರಹಿಸುವುದಕ್ಕೆ ಸಂಬಂಧಿಸಿದ ಮಿದುಳಿನ ಭಾಗದಲ್ಲಿ, ಗಾತ್ರ ಕಡಿಮೆಯಿರುವುದನ್ನೂ ವರದಿ ಮಾಡಿದರು. ಇವೆರಡರ ಜೊತೆಗೆ ಸಂದರ್ಭವನ್ನು ಹಿಡಿದಿಟ್ಟುಕೊಳ್ಳುವ ತೊಂದರೆಯಿದೆ. ಈಗ ತಾನೇ ಏನಾಯಿತು, ಆದ್ದರಿಂದ ಈಗ ಬರುವುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬ ಎಳೆ ತಪ್ಪಿದಾಗ ಎದುರಿಗಿರುವ ಮಾತು ಒಂಟಿಯಾಗಿ ನಿಲ್ಲುತ್ತದೆ. ಎದುರಿನವರ ಮುಖಭಾವ, ಧ್ವನಿ, ವ್ಯಂಗ್ಯ, ಇಂಗಿತಗಳನ್ನು ಓದುವುದರಲ್ಲಿಯೂ ಎಡವುವುದು ಸಾಮಾನ್ಯ.

ಪರೀಕ್ಷೆ ಮಾಡಿಸುವುದು

ಊಹೆಯ ಮೇಲೆ ವ್ಯವಸ್ಥೆ ಮಾಡುವುದಕ್ಕಿಂತ ನ್ಯೂರೋಸೈಕಾಲಜಿ ಮೌಲ್ಯಮಾಪನ, ಅಂದರೆ ಗಮನ, ನೆನಪು, ಆಲೋಚನೆಗಳನ್ನು ಅಳೆಯುವ ಪರೀಕ್ಷೆಗಳನ್ನು ಮಾಡಿಸುವುದು ಒಳ್ಳೆಯದು. ಮನೋವೈದ್ಯರನ್ನು ನೇರವಾಗಿಯೇ ಕೇಳಿ: "ಗಮನ, ವರ್ಕಿಂಗ್ ಮೆಮೊರಿ, ಶಬ್ದಗಳ ಕಲಿಕೆ, ಯೋಜನೆ, ಇವುಗಳ ಪರೀಕ್ಷೆಗೆ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿ ಕಳಿಸುತ್ತೀರಾ?" ಬರೀ ಐಕ್ಯೂ ಪರೀಕ್ಷೆಯ ಒಂದು ಅಂಕಿಯಿಂದ ಪ್ರಯೋಜನ ಕಡಿಮೆ, ಏಕೆಂದರೆ ಈ ದೋಷದಲ್ಲಿ ಕೊರತೆಗಳು ಆ ಒಟ್ಟು ಅಂಕಿಯೊಳಗೆ ಅಡಗಿಬಿಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ಪರೀಕ್ಷಾ ಸಮೂಹದಲ್ಲಿ ಭಾರತೀಯರ ವಯಸ್ಸು, ಲಿಂಗ, ಶಿಕ್ಷಣಕ್ಕೆ ತಕ್ಕ ಮಾನದಂಡಗಳಿವೆ. ಹೊರದೇಶದ ಮಾನದಂಡದಲ್ಲಿ ಅಳೆದ ವರದಿಗಿಂತ ಇಂಥ ಮಾನದಂಡದ ವರದಿಯೇ ನಂಬಲರ್ಹ.

ಒಳಗೆ ಏನು ನಡೆಯುತ್ತದೆಂದು ಮೊದಲೇ ತಿಳಿದಿದ್ದರೆ ಅನುಮಾನದ ಸ್ವಭಾವದವರಿಗೆ ಭಯ ಕಡಿಮೆಯಾಗುತ್ತದೆ. ಒಂದು ಪರೀಕ್ಷೆಯಲ್ಲಿ ಪರೀಕ್ಷಕರು ವ್ಯಂಜನಗಳನ್ನು ಒಂದೊಂದಾಗಿ ಓದುತ್ತಾರೆ. ಎರಡು ಅಕ್ಷರಗಳ ಹಿಂದೆ ಬಂದದ್ದೇ ಮತ್ತೆ ಬಂದರೆ ಮೇಜನ್ನು ತಟ್ಟಬೇಕು. "ಕ, ಮ, ಕ" ಎಂದಾಗ ತಟ್ಟಬೇಕು, "ಕ, ಮ, ತ" ಎಂದಾಗ ಸುಮ್ಮನಿರಬೇಕು. ಪ್ರತಿ ಹೊಸ ಅಕ್ಷರಕ್ಕೂ ಹಳೆಯದೊಂದನ್ನು ಬಿಟ್ಟು ಹೊಸದನ್ನು ಹಿಡಿಯಬೇಕಾದ್ದರಿಂದ ವರ್ಕಿಂಗ್ ಮೆಮೊರಿಯ ಮಿತಿ ಇಲ್ಲಿ ಚೆನ್ನಾಗಿ ಬಯಲಾಗುತ್ತದೆ. ಇನ್ನೊಂದರಲ್ಲಿ 15 ಪದಗಳ ಪಟ್ಟಿಯನ್ನು ಐದು ಸಲ ಓದಿ, ಪ್ರತಿ ಸಲವೂ ನೆನಪಿದ್ದಷ್ಟನ್ನು ಹೇಳಿಸುತ್ತಾರೆ, ಬಳಿಕ ಬೇರೊಂದು ಪಟ್ಟಿಯನ್ನು ಓದಿ, ಸ್ವಲ್ಪ ಹೊತ್ತಿನ ನಂತರ ಮೊದಲ ಪಟ್ಟಿಯನ್ನು ಮತ್ತೆ ಕೇಳುತ್ತಾರೆ. ವರದಿ ಕೈಗೆ ಬಂದಾಗ ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ವಿವರಿಸಲು ಹೇಳಿ. ಐದು ಸಲದಲ್ಲಿ ಪದಗಳ ಸಂಖ್ಯೆ ಏರಿತೇ? ಏರಿದ್ದು ಆಮೇಲೂ ಉಳಿಯಿತೇ? ಏರುವುದು ನಿಧಾನವಾಗಿ, ಏರಿದ್ದು ಉಳಿದಿದ್ದರೆ ತೊಂದರೆ ಇರುವುದು ಒಳಗೆ ಹಾಕಿಕೊಳ್ಳುವ ಹಂತದಲ್ಲಿ. ಆಗ ಹೆಚ್ಚು ಸಲ, ಹೆಚ್ಚು ವ್ಯವಸ್ಥಿತವಾಗಿ ಕಲಿಸಿದರೆ ಫಲ ಸಿಗುತ್ತದೆ. ಏರಿದ್ದೂ ಉಳಿಯದಿದ್ದರೆ ಬರವಣಿಗೆಯ ಆಸರೆಯೇ ಮುಖ್ಯವಾಗುತ್ತದೆ.

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಸಾಲದಿದ್ದರೆ ದಿನಾಂಕ ಮುಂದೂಡಿಸಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಕನ್ನಡಕ, ಹಳೆಯ ಅಂಕಪಟ್ಟಿಗಳು ಜೊತೆಗಿರಲಿ. ಕನ್ನಡದಲ್ಲಿ ಯೋಚಿಸುವವರಿಗೆ ಕನ್ನಡದಲ್ಲಿಯೇ ಪರೀಕ್ಷೆಯಾಗಬೇಕು. ಖಿನ್ನತೆ, ಎಡಿಎಚ್‌ಡಿ, ಥೈರಾಯ್ಡ್ ತೊಂದರೆ, ಬಿ12 ಕೊರತೆ ಇವೆಲ್ಲವೂ ಗಮನವನ್ನು ಕೆಡಿಸಬಲ್ಲವಾದ್ದರಿಂದ ಅವುಗಳ ವಿಚಾರಣೆಯನ್ನೂ ವೈದ್ಯರಲ್ಲಿ ಕೇಳಿಕೊಳ್ಳಿ.

ಮನೆಯಲ್ಲಿ ಮಾತಿನ ಕ್ರಮ

ಅಡುಗೆಮನೆಯಿಂದ ತಾಯಿ ಹೀಗೆ ಹೇಳುತ್ತಾರೆಂದುಕೊಳ್ಳೋಣ: "ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು, ಹಾಗೇ ಬರ್ತಾ ಮೆಡಿಕಲ್‌ನಲ್ಲಿ ಅಪ್ಪನ ಬಿಪಿ ಮಾತ್ರೆ ತಗೊಂಡು, ಅವನು ಚೀಟಿ ಕೇಳಿದರೆ ಫೋನಿನಲ್ಲಿರೋ ಫೋಟೋ ತೋರಿಸು, ಮೊಸರು ಮರೀಬೇಡ." ಟಿ.ವಿ. ಓಡುತ್ತಿದೆ, ಕುಕ್ಕರ್ ಕೂಗುತ್ತಿದೆ. ಈ ಒಂದು ವಾಕ್ಯದಲ್ಲಿ ಮೂರು ಕೆಲಸ, ಒಂದು ಷರತ್ತು, ಒಂದು ಎಚ್ಚರಿಕೆ ಇವೆ. ಮಗ "ಹೂಂ" ಎನ್ನುತ್ತಾನೆ. ಬ್ಯಾಂಕಿನಲ್ಲಿ ಸಾಲು ಉದ್ದವಿರುತ್ತದೆ, ಯಾರೋ ತನ್ನನ್ನೇ ನೋಡುತ್ತಿದ್ದಾರೆಂಬ ಕಸಿವಿಸಿ ಶುರುವಾಗುತ್ತದೆ, ಆ ಕಸಿವಿಸಿ ಮನಸ್ಸಿನಲ್ಲಿದ್ದ ಸ್ವಲ್ಪ ಜಾಗವನ್ನೂ ತುಂಬಿಬಿಡುತ್ತದೆ. ಪಾಸ್‌ಬುಕ್ ಒಂದನ್ನೇ ಹಿಡಿದು ಅವನು ಮನೆಗೆ ಬರುತ್ತಾನೆ.

ಇದನ್ನು ಬದಲಿಸುವುದು ಕಷ್ಟವಲ್ಲ. ಟಿ.ವಿ. ಸದ್ದು ನಿಲ್ಲಿಸಿ, ಎದುರಿಗೆ ಬಂದು, ಹೆಸರು ಹಿಡಿದು ಕರೆದು, ಅವರು ಇತ್ತ ತಿರುಗಿದ ಮೇಲೆ ಮಾತು ಆರಂಭಿಸಬೇಕು. ಒಂದು ವಾಕ್ಯಕ್ಕೆ ಒಂದೇ ಕೆಲಸ. ಮೂರು ಕೆಲಸಗಳಿದ್ದರೆ ಹೋಗುವ ದಾರಿಯ ಕ್ರಮದಲ್ಲಿಯೇ ಚೀಟಿಯಲ್ಲಿ ಬರೆಯುವುದು ಒಳ್ಳೆಯದು: ಮೊದಲು ಬ್ಯಾಂಕು, ಅದರ ಪಕ್ಕದ ಮೆಡಿಕಲ್, ಕೊನೆಗೆ ಹಾಲಿನ ಬೂತು. ಷರತ್ತನ್ನು ಆ ಕೆಲಸದ ಕೆಳಗೇ ಬರೆಯಬೇಕು. ಆದಷ್ಟೂ ಆ ಚೀಟಿಯನ್ನು ಅವರ ಕೈಯಲ್ಲೇ ಬರೆಸಿ, ಬರೆಯುವಾಗ ಮಾತು ಇನ್ನೊಮ್ಮೆ ಮನಸ್ಸಿನೊಳಗೆ ಹಾದುಹೋಗುತ್ತದೆ. "ಅರ್ಥವಾಯಿತಾ?" ಎಂದು ಕೇಳಿದರೆ ಯಾರಾದರೂ ಹೌದೆನ್ನುತ್ತಾರೆ; "ಮೊದಲು ಎಲ್ಲಿಗೆ ಹೋಗ್ತೀಯ?" ಎಂದು ಕೇಳಿದರೆ ಏನು ಉಳಿದಿದೆ, ಏನು ಉಳಿದಿಲ್ಲ ಎಂಬುದು ತಿಳಿಯುತ್ತದೆ. ಉತ್ತರ ಬರಲು ತಡವಾದರೆ ನಡುವೆ ಬಾಯಿ ಹಾಕದೆ ಕಾಯಬೇಕು, ಏಕೆಂದರೆ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಮತ್ತೆ ಕೇಳಿದಾಗ ಅವರು ಹೊಸ ಪ್ರಶ್ನೆಯೊಂದನ್ನು ಮೊದಲಿನಿಂದ ಗ್ರಹಿಸಬೇಕಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಇತರ ನೆನಪಿನ ತೊಂದರೆಗಳಿಗೆ ಬರೆದ ಸಲಹೆಗಳನ್ನು ಹಾಗೆಯೇ ತಂದು ಹೇರುವವರು ಇದನ್ನು ಗಮನಿಸುವುದಿಲ್ಲ. ಅನುಮಾನದ ಎಳೆ ಇರುವ ವ್ಯಕ್ತಿಯ ಕೋಣೆಯಲ್ಲಿ ಅವರಿಗೆ ತಿಳಿಸದೆ ಚೀಟಿ ಅಂಟಿಸುವುದು, ಫೋನಿನಲ್ಲಿ ಗುಟ್ಟಾಗಿ ಅಲಾರಂ ಇಡುವುದು, ಲೊಕೇಶನ್ ನೋಡುತ್ತಿರುವುದು, ಇವೆಲ್ಲ ನೆನಪಿಗೆ ಆಸರೆಯಾಗುವ ಬದಲು ತನ್ನ ಮೇಲೆ ಕಣ್ಣಿಟ್ಟಿದ್ದಾರೆಂಬ ಭಾವನೆಗೆ ಪುರಾವೆಯಾಗುತ್ತವೆ. ಪ್ರತಿಯೊಂದು ಸಾಧನವನ್ನೂ ಮೊದಲು ತೋರಿಸಿ, ಒಪ್ಪಿಗೆ ಪಡೆದು, ಅದರ ಹತೋಟಿಯನ್ನು ಅವರಿಗೇ ಬಿಡಬೇಕು. ಅಲಾರಂ ಬೇಡವೆಂದರೆ ಪುಟ್ಟ ಜೇಬುಪುಸ್ತಕ ಸಾಕು. ಆ ಪುಸ್ತಕವನ್ನು ಅವರಿಲ್ಲದಾಗ ತೆರೆದು ನೋಡಬಾರದು, ಒಳ್ಳೆಯ ಉದ್ದೇಶದಿಂದಲೂ ನೋಡಬಾರದು.

ಸುಳಿವಿನ ಮಾತು, ಕೊಂಕು, ಗುಸುಗುಸು, ಅರ್ಧಕ್ಕೆ ನಿಲ್ಲಿಸಿದ ವಾಕ್ಯ ಈ ಮನೆಯಲ್ಲಿ ಕಡಿಮೆಯಾಗಬೇಕು. ಸಂದರ್ಭದ ಎಳೆ ಸುಲಭವಾಗಿ ತಪ್ಪುವ ಮನಸ್ಸು ಖಾಲಿ ಬಿಟ್ಟ ಜಾಗವನ್ನು ತನ್ನದೇ ಅರ್ಥದಿಂದ ತುಂಬಿಕೊಳ್ಳುತ್ತದೆ, ಆ ಅರ್ಥ ಹೆಚ್ಚಾಗಿ ಭಯದ್ದಾಗಿರುತ್ತದೆ. ಪಕ್ಕದ ಕೋಣೆಯಲ್ಲಿ ತಂಗಿಯ ಮದುವೆಯ ಖರ್ಚಿನ ಮಾತು ನಡೆದಿದ್ದು ಅವರು ಒಳಗೆ ಬಂದ ಕೂಡಲೇ ಎಲ್ಲರೂ ಮೌನವಾದರೆ ಏನಾಗಬಹುದೆಂದು ಊಹಿಸಿ. "ಮದುವೆ ಖರ್ಚಿನ ಲೆಕ್ಕ ಹಾಕ್ತಿದ್ದೆವು, ಛತ್ರದ ಬಾಡಿಗೆ ಜಾಸ್ತಿಯಾಯ್ತು" ಎಂದು ಒಂದೇ ಮಾತು ಹೇಳಿದರೆ ಅಲ್ಲಿಗೆ ಮುಗಿಯುತ್ತದೆ.

ನಂಬಿಕೆಗಳ ವಿಚಾರದಲ್ಲಿ ನಮ್ಮ ಪರಿಸರವನ್ನೂ ತೂಗಿ ನೋಡಬೇಕು. ಹರಕೆ, ಶಕುನ, ವಾಸ್ತು, ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದು, ಇವುಗಳನ್ನು ನಂಬುವ ಸಮುದಾಯದಲ್ಲಿ ಆ ನಂಬಿಕೆ ಮಾತ್ರದಿಂದ ಯಾರಿಗೂ ದೋಷ ಹೇಳಲಾಗದು; ಡಿಎಸ್‌ಎಂ ಕೂಡ ಆ ವ್ಯಕ್ತಿಯ ಸಮುದಾಯದ ರೂಢಿಗೆ ಹೊಂದದ ನಂಬಿಕೆಗಳನ್ನೇ ಲಕ್ಷಣವೆಂದು ಪರಿಗಣಿಸುತ್ತದೆ. ಮನೆಯವರೆಲ್ಲ ನಂಬುವುದನ್ನು ಅವರೂ ನಂಬಿದರೆ ಅದನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸಬೇಡಿ. ಮನೆಯವರಿಗೂ ವಿಚಿತ್ರವೆನಿಸುವ ನಂಬಿಕೆಯ ವಿಷಯದಲ್ಲಿ ಒಪ್ಪುವ ಅಗತ್ಯವೂ ಇಲ್ಲ, ಖಂಡಿಸುವ ಅಗತ್ಯವೂ ಇಲ್ಲ. "ನಿನಗೆ ಹಾಗನ್ನಿಸಿದಾಗ ತುಂಬ ಹಿಂಸೆಯಾಗಿರಬೇಕು" ಎಂದು ಹೇಳಿ ಕೈಯಲ್ಲಿರುವ ಕೆಲಸಕ್ಕೆ ಮರಳಿದರೆ ಸಾಕು.

ಓದು ಮತ್ತು ಉದ್ಯೋಗ

ಬೋಸ್ಟನ್ನಿನ ಅಧ್ಯಯನಗಳಲ್ಲಿ ಗಮನ ಸೆಳೆಯುವ ಸಂಗತಿಯೆಂದರೆ, ಪಟ್ಟಿಯಲ್ಲಿದ್ದ ಪದಗಳನ್ನು ಅರ್ಥಕ್ಕೆ ತಕ್ಕಂತೆ ಗುಂಪು ಮಾಡಿಕೊಳ್ಳುವ ಉಪಾಯವನ್ನು ಈ ದೋಷವಿರುವವರು ಕಡಿಮೆ ಬಳಸುತ್ತಾರೆ. ಇತರರು ಹಣ್ಣುಗಳನ್ನು ಒಂದು ಕಡೆ, ಉಪಕರಣಗಳನ್ನು ಒಂದು ಕಡೆ ಸೇರಿಸಿ ಹೇಳುವಾಗ ಇವರು ಆ ಆಸರೆಯಿಲ್ಲದೆಯೇ ನೆನಪಿಸಿಕೊಳ್ಳಲು ಹೆಣಗುತ್ತಾರೆ. ಆದ್ದರಿಂದ ಓದುವ ಮಗುವಿಗೆ ಗುಂಪು ಮಾಡುವುದನ್ನು ನಾವೇ ಎದುರಿಗೆ ಕುಳಿತು ಮಾಡಿ ತೋರಿಸಬೇಕು. ಇತಿಹಾಸದ ಪಾಠದಲ್ಲಿ ಇಪ್ಪತ್ತು ಘಟನೆಗಳಿದ್ದರೆ ಯುದ್ಧಗಳು, ಒಪ್ಪಂದಗಳು, ಸುಧಾರಣೆಗಳು ಎಂದು ಮೂರು ಅಂಕಣ ಎಳೆದು ತುಂಬಿಸಿ, ಮರುದಿನ ಖಾಲಿ ಅಂಕಣ ಕೊಟ್ಟು ಅವರಿಂದ ತುಂಬಿಸಿ. ಉಪನ್ಯಾಸವನ್ನು ಕೇಳುತ್ತಾ ಟಿಪ್ಪಣಿ ಬರೆಯುವುದು ಇವರಿಗೆ ಎರಡು ಪಟ್ಟು ಭಾರ, ಆದ್ದರಿಂದ ಟಿಪ್ಪಣಿಯನ್ನು ಮೊದಲೇ ಪಡೆದುಕೊಂಡು ತರಗತಿಯಲ್ಲಿ ಕೇಳುವುದಷ್ಟನ್ನೇ ಮಾಡಲು ಅಧ್ಯಾಪಕರ ಒಪ್ಪಿಗೆ ಕೇಳಬೇಕು.

ಉದ್ಯೋಗ ಆರಿಸುವಾಗ ಸಂಬಳಕ್ಕಿಂತ ಮೊದಲು ಕೆಲಸದ ರಚನೆಯನ್ನು ನೋಡುವುದು ಲೇಸು. ಗ್ರಾಹಕರ ಕೌಂಟರು, ಕಾಲ್ ಸೆಂಟರು, ಹೋಟೆಲಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು, ಇವುಗಳಲ್ಲಿ ಮುಖಗಳೂ ಬೇಡಿಕೆಗಳೂ ಕ್ಷಣಕ್ಷಣಕ್ಕೆ ಬದಲಾಗುತ್ತವೆ. ದತ್ತಾಂಶ ಪರಿಶೀಲನೆ, ಗ್ರಂಥಾಲಯದಲ್ಲಿ ಪುಸ್ತಕಗಳ ವರ್ಗೀಕರಣ, ನರ್ಸರಿಯಲ್ಲಿ ಸಸಿಗಳ ಆರೈಕೆ, ಕರಡು ತಿದ್ದುವುದು, ಇಂಥವುಗಳಲ್ಲಿ ಮುಂದಿನ ಹೆಜ್ಜೆ ಕಣ್ಣೆದುರಿಗೇ ಇರುತ್ತದೆ. ಮೇಲಧಿಕಾರಿಯ ಬಳಿ ಕೇಳಿಕೊಳ್ಳಬಹುದಾದ ಸೌಲಭ್ಯಗಳು ಸರಳವಾದವು: ಸೂಚನೆಗಳು ಬಾಯಿಮಾತಿನಲ್ಲಲ್ಲದೆ ಬರವಣಿಗೆಯಲ್ಲಿ ಬರಲಿ, ಬೆನ್ನ ಹಿಂದೆ ಜನ ಓಡಾಡದ ಜಾಗದಲ್ಲಿ ಕುರ್ಚಿ ಇರಲಿ, ಬದಲಾವಣೆಯಿದ್ದರೆ ಹಿಂದಿನ ದಿನವೇ ತಿಳಿಯಲಿ. ರೋಗದ ಹೆಸರನ್ನು ಹೇಳಲೇಬೇಕೆಂದಿಲ್ಲ. ದೈನಂದಿನ ಬದುಕಿಗೆ ಅಡ್ಡಿ ಗಣನೀಯವಾಗಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮಾನಸಿಕ ಕಾಯಿಲೆಯೂ ಸೇರುತ್ತದೆಂಬುದನ್ನು ನೆನಪಿಡಿ. ಪ್ರಮಾಣಪತ್ರ ಕೊಡುವಾಗ ನೋಡುವುದು ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಈ ನಾಲ್ಕರಲ್ಲಿ ಎಷ್ಟು ಅಡಚಣೆಯಾಗಿದೆ ಎಂಬುದನ್ನು. ಮೀಸಲಾತಿಯಂಥ ಸೌಲಭ್ಯಗಳಿಗೆ ಅದು ಶೇ. 40 ಅಥವಾ ಹೆಚ್ಚಿರಬೇಕು.

ಔಷಧಿ ಮತ್ತು ತರಬೇತಿ

ಈ ದೋಷದ ಅರಿವಿನ ತೊಂದರೆಗೆಂದೇ ಅನುಮೋದಿಸಿದ ಔಷಧಿ ಇಲ್ಲ. ಕಡಿಮೆ ಪ್ರಮಾಣದ ರಿಸ್ಪೆರಿಡೋನ್‌ನಂಥ ಔಷಧಿ ಅನುಮಾನ, ವಿಚಿತ್ರ ಅನುಭವಗಳನ್ನು ತಗ್ಗಿಸಬಹುದಾದರೂ ನೆನಪನ್ನು ಹೆಚ್ಚಿಸುತ್ತದೆಂದು ನಿರೀಕ್ಷಿಸಬಾರದು. ರಕ್ತದೊತ್ತಡಕ್ಕೆ ಬಳಸುವ ಗ್ವಾನ್‌ಫಸಿನ್ ಸಂದರ್ಭವನ್ನು ಹಿಡಿದಿಡುವ ಶಕ್ತಿಯನ್ನು ಸುಧಾರಿಸಿತೆಂದು ಮೌಂಟ್ ಸೈನಾಯ್ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. 2019ರಲ್ಲಿ ಅದೇ ಔಷಧಿಯನ್ನು ಅರಿವಿನ ತರಬೇತಿ ಮತ್ತು ಸಾಮಾಜಿಕ ಕೌಶಲದ ತರಬೇತಿಯೊಂದಿಗೆ ಕೊಟ್ಟಾಗ ಸಮಸ್ಯೆ ಬಿಡಿಸುವ ಶಕ್ತಿಯಲ್ಲಿ ಹೆಚ್ಚು ಲಾಭ ಕಂಡಿತು. ಇವು ಸಣ್ಣ ಅಧ್ಯಯನಗಳು. ಇವನ್ನು ಓದಿ ಅಂಗಡಿಯಿಂದ ಮಾತ್ರೆ ತರುವುದು ಅಪಾಯ, ಏಕೆಂದರೆ ರಕ್ತದೊತ್ತಡ ಕುಸಿಯಬಹುದು, ಥಟ್ಟನೆ ನಿಲ್ಲಿಸಿದರೆ ಏರಬಹುದು.

ಹೊಸ ಔಷಧಿ ಹುಡುಕುವ ಮೊದಲು ಈಗಿರುವ ಔಷಧಿ ಚೀಟಿಯನ್ನು ಪರಿಶೀಲಿಸುವುದು ಹೆಚ್ಚು ಉಪಯುಕ್ತ. ಈ ಬಗೆಯ ಔಷಧಿಗಳ ಅಡ್ಡಪರಿಣಾಮಕ್ಕೆಂದು ಕೊಟ್ಟ ಟ್ರೈಹೆಕ್ಸಿಫೆನಿಡಿಲ್ ವರ್ಷಗಟ್ಟಲೆ ಮುಂದುವರಿದಿರುವುದುಂಟು. ಅದು ನೆನಪನ್ನು ಮಂಕಾಗಿಸುತ್ತದೆ. ಆತಂಕಕ್ಕೂ ನಿದ್ದೆಗೂ ಕೊಡುವ ಕ್ಲೊನಾಜೆಪಾಮ್, ಆಲ್‌ಪ್ರಜೋಲಾಮ್ ಮಾತ್ರೆಗಳೂ ಹೊಸದನ್ನು ಕಲಿಯುವುದಕ್ಕೆ ಅಡ್ಡಿ. ಸ್ವಂತ ನಿರ್ಧಾರದಿಂದ ನಿಲ್ಲಿಸದೆ, "ಇದು ಇನ್ನೂ ಬೇಕೇ? ಕಡಿಮೆ ಮಾಡಬಹುದೇ?" ಎಂದು ವೈದ್ಯರನ್ನು ಕೇಳಬೇಕು. ಗಾಂಜಾ ವಿಷಯದಲ್ಲಿ ರಾಜಿ ಸಲ್ಲದು. ಅದು ಗಮನ, ನೆನಪು ಎರಡನ್ನೂ ಕೆಡಿಸುವುದಲ್ಲದೆ ಈ ದೋಷವಿರುವವರನ್ನು ಪೂರ್ಣ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಕಡೆಗೆ ನೂಕುವ ಅಪಾಯವನ್ನು ಹೆಚ್ಚಿಸುತ್ತದೆ.

ಅರಿವಿನ ತರಬೇತಿಯೆಂದರೆ ಫೋನಿನಲ್ಲಿ ಆಡುವ ಮೆದುಳಿನ ಆಟಗಳಲ್ಲ. ಆಟದಲ್ಲಿ ಅಂಕ ಏರಿದರೂ ಬ್ಯಾಂಕಿನ ಕೆಲಸ ಅಷ್ಟರಿಂದಲೇ ಸುಗಮವಾಗುವುದಿಲ್ಲ. ಚಿಕಿತ್ಸಕರು ಪಕ್ಕದಲ್ಲಿದ್ದು, ಬಳಸಿದ ಉಪಾಯವನ್ನು ಮಾತಿನಲ್ಲಿ ಹೇಳಿಸಿ, ಅದೇ ಉಪಾಯವನ್ನು ಆ ವಾರದ ನಿಜವಾದ ಕೆಲಸವೊಂದಕ್ಕೆ ಅನ್ವಯಿಸಲು ಕಲಿಸುವ ಕಾರ್ಯಕ್ರಮವನ್ನೇ ಆರಿಸಿ.

ತಡಮಾಡದೆ ತೋರಿಸಬೇಕಾದ ಸಂದರ್ಭ

ಈ ತೊಂದರೆಗಳು ಹರೆಯದಿಂದ ಸುಮಾರು ಒಂದೇ ಮಟ್ಟದಲ್ಲಿರುತ್ತವೆ. ಆದ್ದರಿಂದ ಕೆಲವೇ ವಾರಗಳಲ್ಲಿ ಕುಸಿತ ಕಂಡರೆ, ಸ್ನಾನ ಊಟ ಬಿಟ್ಟರೆ, ನಿದ್ದೆ ಹೋದರೆ, ಇಲ್ಲದ ಧ್ವನಿಗಳು ಸ್ಪಷ್ಟವಾಗಿ ಕೇಳಿಸತೊಡಗಿದರೆ, ಅನುಮಾನ ಅಲುಗಾಡದ ನಂಬಿಕೆಯಾದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬಾರದು. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿ ಮಾತನಾಡಬಹುದು.

ಉಳಿದ ಭೇಟಿಗಳಿಗೆ ಎರಡು ಸಾಲಿನ ಟಿಪ್ಪಣಿ ತೆಗೆದುಕೊಂಡು ಹೋಗಿ: ಈ ಅವಧಿಯಲ್ಲಿ ಯಾವ ಕೆಲಸ ಒಬ್ಬರೇ ಪೂರೈಸಿದರು, ಯಾವುದು ಎಲ್ಲಿ ನಿಂತಿತು. ಟಿಪ್ಪಣಿಯನ್ನು ಅವರಿಗೆ ಮೊದಲು ಓದಿ ಹೇಳಿ, ಅವರ ತಿದ್ದುಪಡಿಯನ್ನೂ ಸೇರಿಸಿ. ಪರೀಕ್ಷೆಗಳನ್ನು ಮತ್ತೆ ಮಾಡಿಸುವುದಾದರೆ ನಡುವೆ ಹಲವು ತಿಂಗಳ ಅಂತರವಿರಲಿ, ಪದಗಳ ಪಟ್ಟಿ ಬೇರೆಯದಿರಲೆಂದು ಕೇಳಿಕೊಳ್ಳಿ. ಹಳೆಯ ಪಟ್ಟಿಯೇ ಬಂದರೆ ಅಭ್ಯಾಸದಿಂದ ಏರಿದ ಅಂಕವನ್ನು ಸುಧಾರಣೆಯೆಂದು ತಿಳಿಯುವ ಸಾಧ್ಯತೆಯಿದೆ.